ರೇಡಿಯೇಷನ್ ನಡೆಯುವಾಗ ಕಂಕುಳ ಬೆವರು: ಡಿಯೋಡರೆಂಟ್ ಹಚ್ಚಬಹುದಾ?

ಬಳ್ಳಾರಿ ಬಿಸಿಲು:

ಎಲ್ಲರಿಗೂ ನಮಸ್ಕಾರ. ಮುಜುಗರದ ವಿಷಯ, ಆದರೂ ಕೇಳಿಬಿಡುತ್ತೇನೆ. ನನಗೆ ಎಡಗಡೆ ಸ್ತನ ಕ್ಯಾನ್ಸರ್. ಗಡ್ಡೆ ಮಾತ್ರ ತೆಗೆದಿದ್ದಾರೆ, ಕಂಕುಳಿಂದ ಕೆಲವು ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದಿದ್ದಾರೆ. ಕೀಮೋ ಮುಗಿದಿದೆ. ಈಗ ರೇಡಿಯೇಷನ್, ನಮ್ಮ ಅತ್ತೆಯವರ ಮಾತಿನಲ್ಲಿ 'ಕರೆಂಟ್ ಕೊಡಿಸೋದು'. ಒಟ್ಟು 15 ಸಲ. ಮೊದಲ ದಿನವೇ ಸಿಬ್ಬಂದಿ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು: ಸೋಪು ಬೇಡ, ಪೌಡರ್ ಬೇಡ, ಎಣ್ಣೆ ಬೇಡ, ಸೆಂಟು ಬೇಡ, ಡಿಯೋಡರೆಂಟ್ ಅಂತೂ ಬೇಡವೇ ಬೇಡ. ಕಿರಣ ಬೀಳುವ ಜಾಗ ಗೊತ್ತಾಗಲೆಂದು ಮೈಮೇಲೆ ಹಾಕಿದ ಪೆನ್ನಿನ ಗೆರೆ ಅಳಿಸಬಾರದಂತೆ, ಅದಕ್ಕೆ ಆ ಕಡೆ ನೀರೂ ಹಾಕಬೇಡಿ ಅಂದರು.

ಇದು ಏಪ್ರಿಲ್. ನಮ್ಮೂರಿನ ಬಿಸಿಲನ್ನು ಬೇರೆಯವರಿಗೆ ವರ್ಣಿಸಬೇಕಿಲ್ಲ ಅಲ್ವಾ. ಬಸ್ಸಿನಲ್ಲಿ ಹೋಗಿ ಆಸ್ಪತ್ರೆ ತಲುಪುವ ಹೊತ್ತಿಗೆ ರವಿಕೆಯ ತೋಳು ಪೂರ್ತಿ ಒದ್ದೆ. ಅಲ್ಲಿ ಹಲಗೆ ಮೇಲೆ ಮಲಗಿಸಿ ಎರಡೂ ಕೈ ತಲೆ ಮೇಲಕ್ಕೆ ಎತ್ತಿಸುತ್ತಾರೆ. ಚಿಕ್ಕ ವಯಸ್ಸಿನ ಹುಡುಗಿ ಹತ್ತಿರ ಬಗ್ಗಿ, ಹಸಿರು ಗೆರೆಯ ಬೆಳಕನ್ನು ನನ್ನ ಮೈಮೇಲಿನ ಗುರುತಿಗೆ ಕೂಡಿಸುತ್ತಾಳೆ. ಅವಳ ಮುಖ ನನ್ನ ಕಂಕುಳಿಗೆ ಒಂದು ಗೇಣು ದೂರ. ಅವಳು ಪಾಪ ಏನೂ ಅನ್ನುವುದಿಲ್ಲ. ನನಗೆ ಮಾತ್ರ ಜೀವ ಹೋಗುತ್ತದೆ. ಕ್ಯಾನ್ಸರ್ ಅಂತ ಹೇಳಿದ ದಿನವೂ ಇಷ್ಟು ನಾಚಿಕೆ ಆಗಿರಲಿಲ್ಲ.

ಇದರ ಜೊತೆಗೆ ನಾದಿನಿಯ ಮಾತು: "ದಿನಾ ಕಂಕುಳಿಗೆ ಸ್ಪ್ರೇ ಹೊಡ್ಕೊಂಡು ಶಾಲೆಗೆ ಹೋಗ್ತಿದ್ರಲ್ಲ ಅತ್ತಿಗೆ, ಅದಕ್ಕೇ ಬಂದಿದ್ದು." ಇದು ನಿಜಾನಾ? ಮತ್ತೆ ರೇಡಿಯೇಷನ್ ಮುಗಿಯುವವರೆಗೆ ನಿಜವಾಗಿಯೂ ಏನೂ ಹಚ್ಚಬಾರದಾ? ಅನುಭವ ಇರುವವರು ಹೇಳಿ.

ತೀರ್ಥಹಳ್ಳಿ ಮಗಳು:

ಅಕ್ಕಾ, ಮೊದಲು ನಾಚಿಕೆ ಬಿಡಿ. ಆ ಹುಡುಗಿ ದಿನಕ್ಕೆ ಎಷ್ಟು ಜನರ ಕಂಕುಳು ನೋಡುತ್ತಾಳೋ. ನನಗೂ ಏನೂ ಹಚ್ಚಬೇಡಿ ಅಂದಿದ್ದರು. ಅಮ್ಮನ ಹಳೇ ಕಾಟನ್ ಸೀರೆ ಹರಿದು ಅಂಗೈ ಅಗಲದ ತುಂಡು ಮಾಡಿಕೊಂಡಿದ್ದೆ. ಬಸ್ಸಿನಲ್ಲಿ ಒಂದು ಕಂಕುಳಲ್ಲಿ, ಇಳಿದ ಮೇಲೆ ಒಣಗಿದ್ದು ಇನ್ನೊಂದು. ಒಳಗೆ ಹೋಗುವ ಮುಂಚೆ ತೆಗೆದು ಚೀಲಕ್ಕೆ. ಹೊಸ ಬಟ್ಟೆ ಬೇಡ, ಗಂಜಿ ಇರುತ್ತದೆ, ಉಜ್ಜುತ್ತದೆ. ತೊಳೆದು ತೊಳೆದು ಮೆತ್ತಗಾದದ್ದೇ ಬೇಕು.

ಉಡುಪಿ ಕುಸುಮ:

ನನ್ನದು ಬಲಗಡೆ, ಎರಡು ವರ್ಷದ ಹಿಂದೆ. ನಮ್ಮ ಡಾಕ್ಟರ್ ಹೇಳಿದ್ದೇ ಬೇರೆ. ಚರ್ಮ ಒಡೆಯದೆ ಇದ್ದರೆ ಸುವಾಸನೆ ಇಲ್ಲದ ರೋಲ್-ಆನ್ ತೆಳುವಾಗಿ ಹಚ್ಚಿಕೊಳ್ಳಿ, ಉರಿ ಶುರುವಾದ ದಿನ ನಿಲ್ಲಿಸಿ ಅಂದರು. ಹಾಗೇ ಮಾಡಿದೆ. ಕೊನೆಯ ವಾರ ಕಂಕುಳ ಮಡಿಕೆ ಕಪ್ಪಾಗಿ ಚುರುಚುರು ಅನ್ನತೊಡಗಿತು, ನಿಲ್ಲಿಸಿದೆ. ಒಂದೇ ಕಾಯಿಲೆ, ಒಂದೇ ಮಿಷನ್ನು, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾಕೆ ಹೀಗೆ ಅಂತ ನನಗೂ ತಿಳಿಯಬೇಕು.

ಇನ್ನೊಂದು ವಿಚಿತ್ರ ಹೇಳುತ್ತೇನೆ. ರೇಡಿಯೇಷನ್ ಆದಮೇಲೆ ನನ್ನ ಬಲ ಕಂಕುಳು ಬೆವರುವುದೇ ಕಡಿಮೆಯಾಗಿದೆ. ಕೂದಲೂ ಸರಿಯಾಗಿ ಬಂದಿಲ್ಲ. ಎಡಗಡೆ ಮಾತ್ರ ನಮ್ಮ ಕರಾವಳಿಯ ಸೆಕೆಗೆ ಧಾರಾಕಾರ. ಬಟ್ಟೆ ಒಗೆಯುವಾಗ ನೋಡಿದರೆ ಕುರ್ತಾದ ಒಂದೇ ತೋಳಿನಲ್ಲಿ ಕಲೆ!

ಹುಬ್ಬಳ್ಳಿ ಶಾಂತಕ್ಕ:

ಬಳ್ಳಾರಿ ಅಕ್ಕಾರ, ನನ್ನ ಮಾತ ಕೇಳ್ರಿ, ಏನೂ ಹಚ್ಚಬ್ಯಾಡ್ರಿ. ನನಗ ಕಂಕುಳಾಗ ತೊಗಲು ಸುಲಿದು ನೀರು ಸುರಿತಿತ್ತು. ಎರಡು ದಿನ ಮಿಷನ್ನಿಗೆ ಹೋಗದಂಗ ಆತು. ಆ ನೋವು ಉಂಡವರಿಗೇ ಗೊತ್ತು. ವಾಸನಿ ಬಂದ್ರ ಬರ್ಲಿ, ಮೂರು ವಾರ ತಡ್ಕೋರಿ. ಆಸ್ಪತ್ರಿಯವರು ಸುಮ್ನೆ ಹೇಳ್ತಾರೇನ್ರಿ?

ಉಡುಪಿ ಕುಸುಮ:

ಶಾಂತಕ್ಕ, ಆಗ ನೀವು ಡಿಯೋಡರೆಂಟ್ ಹಚ್ಚುತ್ತಿದ್ದಿರಾ?

ಹುಬ್ಬಳ್ಳಿ ಶಾಂತಕ್ಕ:

ಇಲ್ರಿ. ಏನೂ ಹಚ್ಚಿದ್ದಿಲ್ಲ.

ಉಡುಪಿ ಕುಸುಮ:

ಅಲ್ಲಿಗೆ ಏನೂ ಹಚ್ಚದೆಯೂ ಸುಲಿಯುತ್ತದೆ ಅಂತಾಯಿತಲ್ಲ. ತಪ್ಪು ತಿಳಿಯಬೇಡಿ, ಕೇಳಿದ್ದು ಅಷ್ಟಕ್ಕೇ.

ಲಿನ್ಯಾಕ್ ಸುಧಾಕರ:

ನಾನು ರೇಡಿಯೋಥೆರಪಿ ವಿಭಾಗದಲ್ಲಿ ಮಿಷನ್ ನಡೆಸುವವನು, ಡಾಕ್ಟರ್ ಅಲ್ಲ. ಬಳ್ಳಾರಿ ಅಕ್ಕನ ಕಂಕುಳ ಹತ್ತಿರ ಬಗ್ಗುವ ಆ ಹುಡುಗಿಯ ಕೆಲಸವೇ ನನ್ನದೂ. ಮೊದಲನೆಯ ಮಾತು: ಬೆವರಿನ ವಾಸನೆ ನಮ್ಮ ತಲೆಯಲ್ಲಿ ಇರುವುದೇ ಇಲ್ಲ. ನಮಗೆ ಕಾಣುವುದು ಗೆರೆ. ಅದು ಕೂಡಿತೋ ಇಲ್ಲವೋ ಅಷ್ಟೇ ಚಿಂತೆ.

ಈಗ 'ಹಚ್ಚಬೇಡಿ' ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಈಗಿನ ಮಿಷನ್ನಿನ ಕಿರಣ ಚರ್ಮದ ಮೇಲ್ಭಾಗದಲ್ಲಿ ಕಡಿಮೆ ಕೆಲಸ ಮಾಡಿ, ಒಂದು ಒಂದೂವರೆ ಸೆಂಟಿಮೀಟರ್ ಒಳಗೆ ಹೋದಮೇಲೆ ಪೂರ್ತಿ ಬಲಕ್ಕೆ ಬರುತ್ತದೆ. ಅದಕ್ಕೇ ಚರ್ಮ ಒಂದಿಷ್ಟು ಉಳಿಯುತ್ತದೆ. ಮೈಮೇಲೆ ದಪ್ಪನೆಯ ಪದರ ಏನಾದರೂ ಇದ್ದರೆ ಕಿರಣಕ್ಕೆ ಅದೇ ಚರ್ಮ. ಬಲ ಅಲ್ಲಿಂದಲೇ ಏರಲು ಶುರುವಾಗಿ, ನಿಜವಾದ ಚರ್ಮಕ್ಕೆ ಜಾಸ್ತಿ ಪೆಟ್ಟು ಬೀಳುತ್ತದೆ. ಇದಕ್ಕೆ ನಾವು ಬೋಲಸ್ ಅನ್ನುತ್ತೇವೆ. ಸ್ತನ ಪೂರ್ತಿ ತೆಗೆದ ಕೆಲವರಿಗೆ ಚರ್ಮಕ್ಕೂ ಕಿರಣ ಬೇಕಾಗಿರುತ್ತದೆ. ಆಗ ನಾವೇ ಬೇಕೆಂದು ಜೆಲ್ಲಿನಂಥ ಹಾಳೆ ಹಾಸುತ್ತೇವೆ.

ಬೆವರು ತಡೆಯುವ ರೋಲ್-ಆನ್‌ಗಳಲ್ಲಿ ಅಲ್ಯುಮಿನಿಯಂ ಲವಣ ಇರುತ್ತದೆ. ಲೋಹ ಅಲ್ವಾ, ಕಿರಣವನ್ನು ಚೆದುರಿಸಿ ಚರ್ಮ ಸುಟ್ಟೀತು ಅಂತ ಹಿಂದಿನವರು ಹೆದರಿದರು. ಹೆದರಿಕೆಯಲ್ಲಿ ತರ್ಕ ಇತ್ತು. ಆದರೆ ಪರೀಕ್ಷೆ ಮಾಡಿ ನೋಡಿದಾಗ ಹಾಗೆ ಕಾಣಲಿಲ್ಲ. 2009ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ 84 ಹೆಂಗಸರನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಲೋಹ ಇಲ್ಲದ ಡಿಯೋಡರೆಂಟ್ ಕೊಟ್ಟರು. ಹಚ್ಚಿದವರ ಚರ್ಮ ಹಚ್ಚದವರ ಚರ್ಮಕ್ಕಿಂತ ಹೆಚ್ಚು ಕೆಡಲಿಲ್ಲ. ಬೆವರಿನ ಕಾಟ ಜಾಸ್ತಿ ಅಂದವರು ಹಚ್ಚದವರೇ. 2012ರಲ್ಲಿ ಅದೇ ದೇಶದ ಕ್ಯಾಲ್ಗರಿಯಲ್ಲಿ 198 ಜನರ ಮೇಲೆ ಅಲ್ಯುಮಿನಿಯಂ ಇರುವುದನ್ನೇ ಹಚ್ಚಿಸಿ ನೋಡಿದರು. ಅಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. 2018ರಲ್ಲಿ ಅಮೆರಿಕದಲ್ಲಿ ಮುಲಾಮುಗಳ ದಪ್ಪವನ್ನೇ ಅಳೆದು ನೋಡಿದರು. ಒಂದೆರಡು ಮಿಲಿಮೀಟರ್‌ವರೆಗೆ ಚರ್ಮಕ್ಕೆ ಬೀಳುವ ಪ್ರಮಾಣ ಬದಲಾಗಲಿಲ್ಲ. ಮೂರು ಮಿಲಿಮೀಟರ್ ಅಥವಾ ಮೇಲೆ ಮೆತ್ತಿದಾಗ ಮಾತ್ರ ಏರಿತು. ಕಂಕುಳಿಗೆ ಮೂರು ಮಿಲಿಮೀಟರ್ ದಪ್ಪ ಯಾರೂ ಮೆತ್ತುವುದಿಲ್ಲ, ಮದುವೆ ಅರಿಶಿನ ಶಾಸ್ತ್ರ ಬಿಟ್ಟರೆ.

ಅಂದಮೇಲೆ ಇನ್ನೂ ಯಾಕೆ ಬೇಡ ಅನ್ನುತ್ತಾರೆ? ಒಂದು, ಹಳೇ ಸೂಚನಾ ಪತ್ರ ಹಾಗೇ ಜೆರಾಕ್ಸ್ ಆಗುತ್ತಾ ಬಂದಿರುತ್ತದೆ. ಎರಡು, ರೋಗಿ ಏನು ಹಚ್ಚುತ್ತಾರೆ, ಎಷ್ಟು ಹಚ್ಚುತ್ತಾರೆ ಅಂತ ನೋಡಲು ನಮಗೆ ಪುರುಸೊತ್ತು ಇರುವುದಿಲ್ಲ. 'ಏನೂ ಬೇಡ' ಅನ್ನುವುದು ಸುಲಭ. ಮೂರು, ಗೆರೆ ಅಳಿಸುವ ಭಯ. ಮೂರನೆಯದು ಮಾತ್ರ ನಿಜವಾದ ಕಾರಣ ಅಂತ ನನ್ನ ಅಭಿಪ್ರಾಯ. ಗೆರೆ ಅಳಿಸಿದರೆ ಜಾಗ ಮತ್ತೆ ಗೊತ್ತು ಮಾಡಬೇಕು. ಗೆರೆಯನ್ನು ನೀವೇ ಪೆನ್ನಿನಿಂದ ತಿದ್ದಿಕೊಂಡು ಬರಬೇಡಿ, ದಯವಿಟ್ಟು.

ಶಾಂತಕ್ಕನ ಚರ್ಮ ಸುಲಿದದ್ದು ಅವರ ತಪ್ಪಲ್ಲ, ಹಚ್ಚಿದ್ದರಿಂದಲೂ ಅಲ್ಲ. ಕಂಕುಳ ಮಡಿಕೆ, ಸ್ತನದ ಕೆಳಗಿನ ಮಡಿಕೆ ಎರಡೂ ಚರ್ಮಕ್ಕೆ ಚರ್ಮ ತಾಗುವ ಜಾಗ. ಬಿಸಿ, ಒದ್ದೆ, ಉಜ್ಜಾಟ. ಸುಲಿಯುವುದಿದ್ದರೆ ಸಾಮಾನ್ಯವಾಗಿ ಅಲ್ಲೇ ಮೊದಲು.

ಬಳ್ಳಾರಿ ಬಿಸಿಲು:

ಸುಧಾಕರ್ ಅವರೇ, ಕೈ ಮುಗಿದೆ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಹಾಗಾದರೆ ತೊಳೆಯಬಹುದಾ? ನೀರೇ ಹಾಕದೆ ಮೂರು ವಾರ ಇರುವುದು ನನ್ನಿಂದ ಆಗದ ಮಾತು.

ಲಿನ್ಯಾಕ್ ಸುಧಾಕರ:

ನಿಮ್ಮ ಗೆರೆ ಎಂಥದ್ದು ಅನ್ನುವುದರ ಮೇಲೆ ಇದೆ. ಕೆಲವು ಕಡೆ ಚುಕ್ಕೆಯಷ್ಟು ಹಚ್ಚೆ ಹಾಕುತ್ತಾರೆ, ಅದು ಹೋಗುವುದಿಲ್ಲ. ಕೆಲವು ಕಡೆ ಮಾರ್ಕರ್ ಗೆರೆ ಮೇಲೆ ಪಾರದರ್ಶಕ ಪಟ್ಟಿ ಅಂಟಿಸುತ್ತಾರೆ. ಬರೀ ಗೆರೆ ಆದರೆ ಜೋಪಾನ ಬೇಕು. ನಾಳೆ ಹೋದಾಗ "ಗೆರೆ ಬಿಟ್ಟು ಕಂಕುಳ ಗುಳಿಗೆ ಮಾತ್ರ ನೀರು ಹಾಕಿಕೊಳ್ಳಲಾ" ಅಂತ ಕೇಳಿ. ಬೇಡ ಅನ್ನುವ ಸಂಭವ ಕಡಿಮೆ. ಉಗುರುಬೆಚ್ಚಗಿನ ನೀರು, ಅಂಗೈಯಲ್ಲಿ ನೊರೆ ಮಾಡಿದ ಮೆದು ಸೋಪು, ಉಜ್ಜದೆ ಒತ್ತಿ ಒರೆಸುವುದು. ತೊಳೆಯುವುದರಿಂದ ಚರ್ಮ ಕೆಡುವುದಿಲ್ಲ. ಬೆವರು ಒಳಗೇ ಕೊಳೆಯಲು ಬಿಟ್ಟರೆ ಕೆಡುತ್ತದೆ. ತೆಂಗಿನ ನಾರು, ಹೀರೇಕಾಯಿ ನಾರು ಸ್ನಾನದ ಮನೆಯಿಂದ ಆಚೆ ಇರಲಿ.

ನ್ಯೂಜೆರ್ಸಿ ಗೀತಾ:

ಇಲ್ಲಿಂದ ಎರಡು ಮಾತು. ನಾದಿನಿಯವರ ಸಿದ್ಧಾಂತ ಇಲ್ಲಿ 1990ರ ದಶಕದ ಕೊನೆಯಲ್ಲೇ ಇಮೇಲ್‌ನಲ್ಲಿ ಊರೂರು ಸುತ್ತಿದೆ. ಈಗ ವಾಟ್ಸಾಪ್‌ನಲ್ಲಿ ನಮ್ಮ ಮನೆಮಂದಿಗೆ ತಲುಪಿದೆ, ಅಷ್ಟೇ. ಅದರ ವಾದ ಏನು? ಕಂಕುಳ ಬೆವರು ತಡೆದರೆ ವಿಷ ಒಳಗೇ ಉಳಿದು ಗಂಟಾಗುತ್ತದೆ ಅಂತ. ಬೆವರು ಇರುವುದು ಮೈ ತಂಪು ಮಾಡಲು. ಮೈಯ ಕೊಳೆ ಹೊರಗೆ ಹಾಕುವ ಕೆಲಸ ಮುಖ್ಯವಾಗಿ ಲಿವರ್ ಮತ್ತು ಕಿಡ್ನಿಯದು. ಕಂಕುಳಲ್ಲಿ ಇರುವ ದುಗ್ಧರಸ ಗ್ರಂಥಿಗೂ ಬೆವರಿನ ಗ್ರಂಥಿಗೂ ಸಂಬಂಧವೇ ಇಲ್ಲ.

2002ರಲ್ಲಿ ಸಿಯಾಟಲ್‌ನವರು ಕ್ಯಾನ್ಸರ್ ಬಂದ 813 ಹೆಂಗಸರನ್ನೂ ಬಾರದ 793 ಹೆಂಗಸರನ್ನೂ ಮಾತಾಡಿಸಿದರು. ಡಿಯೋಡರೆಂಟ್, ಬೆವರು ತಡೆಯುವ ರೋಲ್-ಆನ್, ಶೇವ್ ಮಾಡಿದ ತಕ್ಷಣ ಹಚ್ಚುವುದು, ಎಲ್ಲ ಕೇಳಿದರು. ಸಂಬಂಧ ಸಿಗಲಿಲ್ಲ. 2004ರಲ್ಲಿ ಇಂಗ್ಲೆಂಡಿನಲ್ಲಿ 20 ಗಡ್ಡೆಗಳಲ್ಲಿ ಪ್ಯಾರಾಬೆನ್ (ಸಾಮಾನು ಕೆಡದಂತೆ ಬೆರೆಸುವ ರಾಸಾಯನಿಕ) ಸಿಕ್ಕಿತು ಅಂತ ದೊಡ್ಡ ಸುದ್ದಿ ಆಯಿತು. ಆದರೆ ಅದು ಡಿಯೋಡರೆಂಟ್‌ನಿಂದಲೇ ಬಂತು ಅಂತಾಗಲಿ, ಅದೇ ಕ್ಯಾನ್ಸರ್ ತಂದಿತು ಅಂತಾಗಲಿ ಆ ಅಧ್ಯಯನ ತೋರಿಸಲಿಲ್ಲ. ಪ್ಯಾರಾಬೆನ್ ಕ್ರೀಮು, ಶಾಂಪೂ, ಔಷಧಿ ಎಲ್ಲದರಲ್ಲೂ ಇರುತ್ತದೆ.

"ಕಂಕುಳ ಹತ್ತಿರವೇ ಯಾಕೆ ಜಾಸ್ತಿ ಬರುತ್ತದೆ ಹಾಗಾದರೆ?" ಅಂತ ನಮ್ಮ ಚಿಕ್ಕಮ್ಮ ಕೇಳಿದರು. ಸ್ತನದ ಅಂಗಾಂಶ ಆ ಮೂಲೆಯಲ್ಲೇ ಜಾಸ್ತಿ ಇದೆ ಚಿಕ್ಕಮ್ಮ, ಅದಕ್ಕೆ ಅಂದೆ. ಜೀವಮಾನದಲ್ಲಿ ಒಮ್ಮೆಯೂ ಸೆಂಟು ಮುಟ್ಟದ ಅಜ್ಜಿಯರಿಗೂ ಈ ಕಾಯಿಲೆ ಬಂದಿದೆ.

ಹಡಗಲಿ ಮಲ್ಲಿಗೆ:

ಗೀತಾ ಅವರ ಕೊನೆಯ ಸಾಲು ನಾದಿನಿಗೆ ತೋರಿಸಿ ಅಕ್ಕ. ನಮ್ಮ ಅವ್ವ ಹೊಲದಲ್ಲಿ ಕೆಲಸ ಮಾಡಿದವಳು. ಸೀಗೆಕಾಯಿ ಬಿಟ್ಟರೆ ಬೇರೆ ಕಂಡವಳಲ್ಲ. ಅವಳಿಗೂ ಬಂತು. ಕಾಯಿಲೆ ಬಂದವರ ಮೇಲೇ ತಪ್ಪು ಹೊರಿಸುವುದು ನಮ್ಮ ಜನಕ್ಕೆ ಎಂಥದೋ ಸಮಾಧಾನ. ತಮಗೆ ಬರುವುದಿಲ್ಲ ಅಂತ ಧೈರ್ಯ ತಂದುಕೊಳ್ಳಲು ಇರಬೇಕು.

ನಾಟಿ ಮದ್ದು ರಾಮಣ್ಣ:

ಕೆಮಿಕಲ್ ಯಾಕೆ ಬೇಕು? ಪಟಿಕದ ಕಲ್ಲು ಒದ್ದೆ ಮಾಡಿ ಕಂಕುಳಿಗೆ ಸವರಿ. ಕ್ಷೌರದ ಅಂಗಡಿಯಲ್ಲಿ ಗಾಯಕ್ಕೆ ಹಚ್ಚುತ್ತಾರಲ್ಲ, ಅದೇ. ವಾಸನೆ ಮಾಯ. ಇಲ್ಲ ಅಂದರೆ ನಿಂಬೆ ಹೋಳು, ಅಡುಗೆ ಸೋಡಾ. ಎಲ್ಲ ನೈಸರ್ಗಿಕ.

ಲಿನ್ಯಾಕ್ ಸುಧಾಕರ:

ರಾಮಣ್ಣ, ಪಟಿಕ ಅಂದರೆ ಅಲ್ಯುಮಿನಿಯಂ ಲವಣವೇ. ಅಂಗಡಿಯಲ್ಲಿ ಗಾಜಿನ ತುಂಡಿನಂತೆ ಕಾಣುವ 'ನ್ಯಾಚುರಲ್ ಕ್ರಿಸ್ಟಲ್' ಅಂತ ದುಬಾರಿಗೆ ಮಾರುವುದೂ ಬಹಳಷ್ಟು ಅದೇ. ಅಲ್ಯುಮಿನಿಯಂಗೆ ಹೆದರಿ ಅದನ್ನು ಕೊಂಡರೆ ಪ್ರಯೋಜನ ಇಲ್ಲ. ನಿಂಬೆ, ಸೋಡಾ ಎರಡೂ ರೇಡಿಯೇಷನ್ ಆಗುತ್ತಿರುವ ಚರ್ಮಕ್ಕೆ ಬೇಡವೇ ಬೇಡ. ಮೊದಲೇ ಬೆಂದಂತಾಗಿರುವ ಚರ್ಮ, ಉರಿ ಕಿತ್ತುಕೊಂಡು ಬರುತ್ತದೆ.

ನಾಟಿ ಮದ್ದು ರಾಮಣ್ಣ:

ಸರಿ ಸರ್, ನಿಂಬೆ ವಾಪಸ್ ತೆಗೆದುಕೊಂಡೆ. ಅರಿಶಿನ?

ಲಿನ್ಯಾಕ್ ಸುಧಾಕರ:

ಸಾರಿಗೆ ಹಾಕಿ ರಾಮಣ್ಣ. ಮೈಮೇಲೆ ಬೇಡ. ಚರ್ಮದ ಬಣ್ಣ ಹೇಗೆ ಬದಲಾಗುತ್ತಿದೆ ಅಂತ ಡಾಕ್ಟರ್ ವಾರ ವಾರ ನೋಡುತ್ತಾರೆ. ಹಳದಿ ಮೆತ್ತಿದರೆ ಏನು ಕಾಣುತ್ತದೆ? ನಮ್ಮ ಮೈಬಣ್ಣದಲ್ಲಿ ಕೆಂಪಾಗುವುದು ಗೊತ್ತಾಗುವುದೇ ಕಷ್ಟ. ಮೊದಲು ಕಪ್ಪಾಗುತ್ತದೆ, ಬಿಸಿಯಾಗುತ್ತದೆ, ಬಿಗಿಯುತ್ತದೆ. ಪುಸ್ತಕದಲ್ಲಿ ಇರುವ ಬಿಳಿಯರ ಫೋಟೋ ನೋಡಿಕೊಂಡು 'ನನಗೇನೂ ಆಗಿಲ್ಲ' ಅಂದುಕೊಳ್ಳುವವರು ಇದ್ದಾರೆ.

ದಾವಣಗೆರೆ ಮಗ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮಮ್ಮನಿಗೆ ಹೋದ ವಾರ ಸ್ತನ ಪೂರ್ತಿ ತೆಗೆದರು. ಗಾಯದ ನೀರು ಹೊರಗೆ ಹರಿಯಲು ಪಕ್ಕದಲ್ಲಿ ಡ್ರೈನ್ ನಳಿಕೆ ಇದೆ, ಡಬ್ಬಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ. ಕೈ ಎತ್ತಲು ಆಗುವುದಿಲ್ಲ. ವಾಸನೆ ಬರುತ್ತಿದೆ ಅಂತ ತಾನೇ ಯಾರನ್ನೂ ಹತ್ತಿರ ಕೂರಿಸಿಕೊಳ್ಳುತ್ತಿಲ್ಲ. ಅಮ್ಮನ ಜೊತೆ ಇಂಥದ್ದು ಮಾತಾಡುವುದು ಹೇಗೆ ಅಂತಲೂ ಗೊತ್ತಾಗುತ್ತಿಲ್ಲ. ಏನು ಮಾಡಲಿ?

ಹಡಗಲಿ ಮಲ್ಲಿಗೆ:

ತಮ್ಮಾ, ನೀನು ಕೇಳಿದೆಯಲ್ಲ, ಅರ್ಧ ಕೆಲಸ ಆಯಿತು. ಅವ್ವನಿಗೆ ನಾನು ಮಾಡುತ್ತಿದ್ದದ್ದು ಹೇಳುತ್ತೇನೆ. ಗೋಡೆ ಪಕ್ಕ ಸ್ಟೂಲ್ ಹಾಕಿ ಕೂರಿಸು. ಮೊಣಕೈಯನ್ನು ಟೇಬಲ್ ಮೇಲೆ ದಿಂಬಿಟ್ಟು ಇರಿಸು. ಅಷ್ಟು ಸಂದಿ ಸಾಕು, ಕೈ ಮೇಲೆತ್ತಬೇಕಿಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಗಾಯದ ಪಟ್ಟಿ, ನಳಿಕೆ ಎರಡನ್ನೂ ಮುಟ್ಟದೆ ಒರೆಸು. ಆಮೇಲೆ ಒಣ ಬಟ್ಟೆ. ನೀನು ಮಾಡುವುದು ಅಮ್ಮನಿಗೆ ಸಂಕೋಚ ಆದರೆ ಅತ್ತಿಗೆಯೋ ಪಕ್ಕದ ಮನೆ ಆಂಟಿಯೋ ಇರುತ್ತಾರಲ್ಲ. ಮುಂದೆ ಬಟನ್ ಇರುವ ಕಾಟನ್ ನೈಟಿ ನಾಲ್ಕು ತಂದಿಡು. ತಲೆ ಮೇಲಿಂದ ಹಾಕುವುದು ಈಗ ಆಗುವುದಿಲ್ಲ. ಗಾಯ ಪೂರ್ತಿ ಮಾಗುವವರೆಗೆ ಆ ಕಡೆ ಸೆಂಟು, ಪೌಡರ್, ರೋಲ್-ಆನ್ ಯಾವುದೂ ಬೇಡ. ಇನ್ನೊಂದು ಕಂಕುಳಿಗೆ ಮಾಮೂಲಿನಂತೆ ಹಚ್ಚಲಿ, ಅದಕ್ಕೇನೂ ತಡೆ ಇಲ್ಲ.

ಉಡುಪಿ ಕುಸುಮ:

ವಾಸನೆ ಬೆವರಿನದೋ ಗಾಯದ್ದೋ ನೋಡಿ ತಮ್ಮಾ. ಬೆವರಿನದಾದರೆ ಒರೆಸಿದ ಮೇಲೆ ಹೋಗುತ್ತದೆ. ಒರೆಸಿದರೂ ಹೋಗದ ಕೆಟ್ಟ ವಾಸನೆ, ಡಬ್ಬಿಯ ನೀರು ಮಸಕಾಗಿ ಕೀವಿನಂತಾಗುವುದು, ಸುತ್ತ ಕೆಂಪು, ಜ್ವರ, ಇವು ಕಂಡರೆ ಆವತ್ತೇ ಆಸ್ಪತ್ರೆಗೆ ಫೋನ್ ಮಾಡಿ.

ಮತ್ತೆ ಶೇವಿಂಗ್ ವಿಷಯ. ಗ್ರಂಥಿ ತೆಗೆಯುವಾಗ ಕಂಕುಳ, ತೋಳಿನ ಒಳಭಾಗದ ನರಕ್ಕೆ ಪೆಟ್ಟಾಗಿ ಅಲ್ಲಿ ಸ್ಪರ್ಶವೇ ತಿಳಿಯದಂತಾಗುತ್ತದೆ. ನನಗೆ ಇವತ್ತಿಗೂ ಹಾಗೇ. ಬ್ಲೇಡು ಕುಯ್ದರೂ ಗೊತ್ತಾಗುವುದಿಲ್ಲ, ರಕ್ತ ನೋಡಿದಾಗಲೇ ಗೊತ್ತಾಗುವುದು. ಗ್ರಂಥಿ ಕಡಿಮೆಯಾದ ಕೈಗೆ ಸಣ್ಣ ಗಾಯದಿಂದಲೂ ನಂಜೇರಿ ಬಾವು ಬರುವ ಅಪಾಯ ಇದೆ. ಮುಂದೆ ಯಾವಾಗಲಾದರೂ ಕೂದಲು ತೆಗೆಯಬೇಕು ಅನ್ನಿಸಿದರೆ ಬ್ಯಾಟರಿ ಟ್ರಿಮ್ಮರ್ ತಂದುಕೊಡಿ. ರೇಡಿಯೇಷನ್ ನಡೆಯುವಾಗ ಅದೂ ಬೇಡ. ವ್ಯಾಕ್ಸ್, ಕೂದಲು ಉದುರಿಸುವ ಕ್ರೀಮು ಅಂತೂ ದೂರ.

ದಾವಣಗೆರೆ ಮಗ:

ಥ್ಯಾಂಕ್ಸ್ ಅಕ್ಕಂದಿರೇ. ಸ್ಟೂಲು ಟೇಬಲ್ ಉಪಾಯ ಇವತ್ತೇ ಮಾಡಿದೆವು. ನನ್ನ ಹೆಂಡತಿ ಒರೆಸಿದಳು. ಅಮ್ಮ ಆಮೇಲೆ ಹಾಲ್‌ನಲ್ಲಿ ಬಂದು ಕೂತು ಸೀರಿಯಲ್ ನೋಡಿದರು.

ಮೈಸೂರು ವಸಂತಾ:

ನನ್ನದು ಬೇರೆ ಥರ ಬೆವರು. ರೇಡಿಯೇಷನ್ ಎಲ್ಲ ಮುಗಿದು ಈಗ ಹಾರ್ಮೋನ್ ತಗ್ಗಿಸುವ ಲೆಟ್ರೋಜೋಲ್ ಮಾತ್ರೆ. ಕೂತಲ್ಲೇ ಎದೆಯಿಂದ ಕತ್ತಿಗೆ, ಕತ್ತಿಂದ ತಲೆಗೆ ಬಿಸಿ ಏರುತ್ತದೆ. ಎರಡು ನಿಮಿಷದಲ್ಲಿ ನೆಂದು ತೊಪ್ಪೆ. ಆಮೇಲೆ ಚಳಿ. ಮೈಸೂರಿನ ಡಿಸೆಂಬರ್‌ನಲ್ಲಿ ಫ್ಯಾನ್ ಹಾಕಿ ಮಲಗುತ್ತೇನೆ, ಯಜಮಾನರು ಕಂಬಳಿ ಹೊದ್ದು ಗೊಣಗುತ್ತಾರೆ. ಇದಕ್ಕೆ ರೋಲ್-ಆನ್ ಏನು ಮಾಡೀತು? ಕಂಕುಳು ಒಂದೇ ಅಲ್ಲವಲ್ಲ, ಮೈಯೆಲ್ಲ.

ನ್ಯೂಜೆರ್ಸಿ ಗೀತಾ:

ವಸಂತಾ ಅವರೇ, ಇದು ಹಾರ್ಮೋನ್ ಬೆವರು. ಲೆಟ್ರೋಜೋಲ್, ಅನಾಸ್ಟ್ರೋಜೋಲ್, ಟ್ಯಾಮೊಕ್ಸಿಫೆನ್ ಮೂರರಲ್ಲೂ ಬರುತ್ತದೆ. ಕೀಮೋದಿಂದ ಮುಟ್ಟು ನಿಂತವರಿಗೂ ಬರುತ್ತದೆ. ದಯವಿಟ್ಟು ಇದಕ್ಕೆ ಹೆದರಿ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರ್ ಹತ್ತಿರ ಹೇಳಿ. ಔಷಧಿ ಇದೆ. ವೆನ್ಲಾಫಾಕ್ಸಿನ್ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ, ಗ್ಯಾಬಪೆಂಟಿನ್ ರಾತ್ರಿ ಬೆವರಿಗೆ ಕೊಡುತ್ತಾರೆ. ಆಕ್ಸಿಬ್ಯುಟಿನಿನ್ ಕೂಡ ಕೆಲಸ ಮಾಡುತ್ತದೆ, ಬಾಯಿ ಒಣಗುತ್ತದೆ ಅಷ್ಟೇ. ಟ್ಯಾಮೊಕ್ಸಿಫೆನ್ ತೆಗೆದುಕೊಳ್ಳುವವರು ಒಂದು ನೆನಪಿಡಿ. ಪ್ಯಾರೊಕ್ಸೆಟಿನ್, ಫ್ಲೂಯೊಕ್ಸೆಟಿನ್ ಎಂಬ ಮಾತ್ರೆಗಳು ಟ್ಯಾಮೊಕ್ಸಿಫೆನ್ ಕೆಲಸಕ್ಕೆ ಅಡ್ಡ ಬರುತ್ತವೆ. ಬೇರೆ ಡಾಕ್ಟರ್ ಯಾವುದಕ್ಕೋ ಅವನ್ನು ಬರೆದರೆ, ನಾನು ಇದನ್ನು ತಗೊಳ್ಳುತ್ತಿದ್ದೇನೆ ಅಂತ ಹೇಳಲೇಬೇಕು. 'ಹೆಂಗಸರ ಬಿಸಿಗೆ' ಅಂತ ಮಾರುವ ಗಿಡಮೂಲಿಕೆ ಡಬ್ಬಿಗಳನ್ನೂ ಕೇಳದೆ ತಿನ್ನಬೇಡಿ.

ಮೈಸೂರು ವಸಂತಾ:

ನಮ್ಮ ಡಾಕ್ಟರ್ ಹತ್ತಿರ ಹೋಗಿ 'ಬೆವರು' ಅಂದರೆ ನಗುತ್ತಾರೇನೋ ಅಂತ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಮುಂದಿನ ಸಲ ಚೀಟಿಯಲ್ಲಿ ಬರೆದುಕೊಂಡು ಹೋಗುತ್ತೇನೆ.

ತೀರ್ಥಹಳ್ಳಿ ಮಗಳು:

ಕೀಮೋ ನಡೆಯುತ್ತಿರುವವರು ಯಾರಾದರೂ ಓದುತ್ತಿದ್ದರೆ: ಚಳಿ ನಡುಕ, ಆಮೇಲೆ ಬೆವರು ಅಂದರೆ ಅದು ಬಿಸಿ ಏರುವುದೇ ಅಂತ ಸುಮ್ನೆ ಇರಬೇಡಿ. ಥರ್ಮಾಮೀಟರ್ ಇಡಿ. 100.4 ಫ್ಯಾರನ್‌ಹೀಟ್ ಅಥವಾ ಮೇಲೆ ಇದ್ದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಫೋನ್ ಮಾಡಬೇಕು. ಬಿಳಿ ರಕ್ತಕಣ ಕಡಿಮೆ ಇರುವಾಗ ಜ್ವರ ಕಾಯುವುದಿಲ್ಲ. ಜ್ವರದ ಮಾತ್ರೆ ನುಂಗಿ ಬೆಳಗಾಗಲಿ ಅನ್ನಬೇಡಿ.

ಕೀಮೋದಲ್ಲಿ ಇನ್ನೊಂದು. ನನಗೆ ಮೈಬೆವರಿನ ವಾಸನೆಯೇ ಬದಲಾಗಿತ್ತು, ಔಷಧಿ ಅಂಗಡಿಯ ಥರ. ಹಿಂದೆ ಇಷ್ಟಪಟ್ಟು ಹಾಕುತ್ತಿದ್ದ ಸೆಂಟು ಮೂಗಿಗೆ ಬಡಿದರೆ ವಾಂತಿ. ಆಗ ವಾಸನೆ ಇಲ್ಲದ್ದೇ ಗತಿ.

ಕೋಲಾರದ ಮೀನಾ:

ಸ್ತನ ಪೂರ್ತಿ ತೆಗೆದವರ ಬೆವರಿನ ಬಗ್ಗೆ ಯಾರೂ ಹೇಳಲಿಲ್ಲ. ಸಿಲಿಕಾನ್ ಸ್ತನ ಬ್ರಾ ಒಳಗೆ ಇಟ್ಟುಕೊಂಡರೆ ಮಧ್ಯಾಹ್ನದ ಹೊತ್ತಿಗೆ ಅದರ ಹಿಂದೆ ನೀರು ನಿಂತಿರುತ್ತದೆ. ಹೊಲಿಗೆ ಗೆರೆ ಮೇಲೆ ಬೆವರುಗುಳ್ಳೆ, ತುರಿಕೆ. ನಾನು ಬೇಸಿಗೆಗೆ ನೂಲಿನಲ್ಲಿ ಹೆಣೆದು ಒಳಗೆ ಹತ್ತಿ ತುಂಬಿದ್ದನ್ನು ಹಾಕುತ್ತೇನೆ. ಹಗುರ, ಒಗೆದು ಒಣಗಿಸಬಹುದು. ಮದುವೆ ಮುಂಜಿಗೆ ಮಾತ್ರ ಸಿಲಿಕಾನ್, ಅದಕ್ಕೂ ಬಟ್ಟೆಯ ಚೀಲ ತೊಡಿಸಿ. ರಾತ್ರಿ ಸೋಪು ನೀರಲ್ಲಿ ತೊಳೆದು ಒರೆಸಿಡುವುದು. ಸಕ್ಕರೆ ಕಾಯಿಲೆ ಇರುವವರು ಮಡಿಕೆಯಲ್ಲಿ ತುರಿಕೆ ಬಂದರೆ ಬೇಗ ತೋರಿಸಿ, ಫಂಗಸ್ ಬೇಗ ಹರಡುತ್ತದೆ. ಪೌಡರ್ ಸುರಿದುಕೊಂಡರೆ ಬೆವರಿಗೆ ಕಲೆತು ಹಿಟ್ಟಿನ ಉಂಡೆ ಆಗಿ ಇನ್ನಷ್ಟು ಉಜ್ಜುತ್ತದೆ.

ಹುಬ್ಬಳ್ಳಿ ಶಾಂತಕ್ಕ:

ಮೀನಾ ಅವ್ರ, ಆ ಹೆಣೆದಿದ್ದು ಹೆಂಗ ಮಾಡೂದು ಹೇಳ್ರಿ. ನಾ ಕ್ರೋಶಾ ಹಾಕ್ತೀನ್ರಿ. ಇಲ್ಲಿ ನಮ್ಮ ಗೆಳತ್ಯಾರಿಗೆಲ್ಲ ಮಾಡಿ ಕೊಡ್ತೀನಿ.

ಕೋಲಾರದ ಮೀನಾ:

ಬೇರೆ ಚರ್ಚೆ ತೆರೆದು ಫೋಟೋ ಸಮೇತ ಹಾಕುತ್ತೇನೆ ಶಾಂತಕ್ಕ. ಉಣ್ಣೆ ಬೇಡ, ಹತ್ತಿ ನೂಲೇ ಆಗಬೇಕು.

ಬಳ್ಳಾರಿ ಬಿಸಿಲು:

ಎಲ್ಲರಿಗೂ ಒಂದು ಸುದ್ದಿ. ಇವತ್ತು ವಾರದ ತಪಾಸಣೆ ಇತ್ತು. ಡಾಕ್ಟರಿಗೆ ನೇರವಾಗಿ ಕೇಳಿದೆ. "ಚರ್ಮ ಚೆನ್ನಾಗಿದೆ, ಸುವಾಸನೆ ಇಲ್ಲದ್ದು, ಸ್ಪಿರಿಟ್ ಇಲ್ಲದ್ದು, ತೆಳುವಾಗಿ ಹಚ್ಚಿ. ಸ್ಪ್ರೇ ಬೇಡ. ಉರಿ ಬಂದರೆ ನಿಲ್ಲಿಸಿ" ಅಂದರು. ಹೊರಗೆ ಬಂದು ಸಿಬ್ಬಂದಿಗೆ ಹೇಳಿದರೆ ಅವರು "ಪೇಪರಲ್ಲಿ ಬೇಡ ಅಂತಿದೆಯಲ್ಲ" ಅಂದರು. ಮತ್ತೆ ಒಳಗೆ ಹೋಗಿ ಡಾಕ್ಟರ್ ಹತ್ತಿರ ನನ್ನ ಫೈಲ್ ಮೇಲೆ ಬರೆಸಿಕೊಂಡು ಬಂದೆ. ಮೇಷ್ಟ್ರ ಬುದ್ಧಿ, ಬರವಣಿಗೆಯಲ್ಲಿ ಇದ್ದರೇ ಸಮಾಧಾನ. ಗೆರೆ ಮೇಲೆ ಪಟ್ಟಿ ಅಂಟಿಸಿ, ಕಂಕುಳಿಗೆ ನೀರು ಹಾಕಿಕೊಳ್ಳಿ ಅಂತಲೂ ಹೇಳಿದರು.

ಈಗ ಅಂಗಡಿಯಲ್ಲಿ ಏನು ಕೇಳಲಿ? ಎಲ್ಲದರ ಮೇಲೂ ಹೂವಿನ ಚಿತ್ರವೇ ಇದೆ.

ನ್ಯೂಜೆರ್ಸಿ ಗೀತಾ:

ಚಿತ್ರ ಬಿಡಿ, ಹಿಂದೆ ಸಣ್ಣಕ್ಷರದಲ್ಲಿ ಇರುವುದನ್ನು ಓದಿ. 'ಫ್ರೇಗ್ರೆನ್ಸ್' ಅಥವಾ 'ಪರ್ಫ್ಯೂಮ್' ಅಂತ ಇದ್ದರೆ ವಾಪಸ್ ಇಡಿ. 'ಆಲ್ಕೋಹಾಲ್ ಡಿನೇಚರ್ಡ್' ಇದ್ದರೂ ಅಷ್ಟೇ, ಉರಿಯುತ್ತದೆ. ನಮ್ಮಲ್ಲಿ ಡಿಯೋ ಅಂತ ಸಿಗುವ ಸ್ಪ್ರೇಗಳಲ್ಲಿ ಬಹುಪಾಲು ಸೆಂಟು ಮತ್ತು ಸ್ಪಿರಿಟ್. ಮಕ್ಕಳ ಚರ್ಮಕ್ಕೆ, ಅಲರ್ಜಿ ಚರ್ಮಕ್ಕೆ ಅಂತ ಮೆಡಿಕಲ್ ಸ್ಟೋರಲ್ಲಿ ಸಿಗುವ ವಾಸನೆ ಇಲ್ಲದ ರೋಲ್-ಆನ್ ಕೇಳಿ. ಮೊದಲು ಆರೋಗ್ಯವಾಗಿರುವ ಕಂಕುಳಿಗೆ ಒಂದು ದಿನ ಹಚ್ಚಿ ನೋಡಿ. ಅಲ್ಲಿ ಸುಮ್ಮನಿದ್ದರೆ ಇಲ್ಲಿಗೆ.

ಲಿನ್ಯಾಕ್ ಸುಧಾಕರ:

ಸೇರಿಸುವುದು ಒಂದೇ. ಹಚ್ಚಿದರೆ ಮಿಷನ್ನಿನಿಂದ ಬಂದ ಮೇಲೆ, ತೊಳೆದು ಒಣಗಿಸಿ ಹಚ್ಚಿ. ಮರುದಿನ ಬರುವ ಹೊತ್ತಿಗೆ ಮೇಲೆ ಪದರ ಉಳಿದಿರುವುದಿಲ್ಲ, ಸಿಬ್ಬಂದಿ ಜೊತೆ ವಾದವೂ ಇರುವುದಿಲ್ಲ. ಕೊನೆಯ ದಿನ ಮುಗಿಯಿತು ಅಂತ ಹಳೇ ಸ್ಪ್ರೇ ಹೊರತೆಗೆಯಬೇಡಿ. ರೇಡಿಯೇಷನ್ ಮುಗಿದ ಮೇಲೂ ಚರ್ಮದ ಉರಿ ಇನ್ನೂ ಒಂದೆರಡು ವಾರ ಏರಿ ಆಮೇಲೆ ಇಳಿಯುತ್ತದೆ. ಶಾಂತಕ್ಕನಂತೆ ಸುಲಿದರೆ ಯಾವ ರೋಲ್-ಆನೂ ಬೇಡ, ಡಾಕ್ಟರ್ ಕೊಟ್ಟ ಮುಲಾಮು ಮಾತ್ರ.

ಹುಬ್ಬಳ್ಳಿ ಶಾಂತಕ್ಕ:

ಅಷ್ಟ ಹೇಳಿದ್ರ ನಾನೂ ಒಪ್ಪತೀನ್ರಿ. ಆದ್ರ ಡಾಕ್ಟರಿಗೆ ಕೇಳದ ಹಚ್ಚಬ್ಯಾಡ್ರಿ ಅನ್ನೂದು ನನ್ನ ಮಾತು.

ಹಡಗಲಿ ಮಲ್ಲಿಗೆ:

ಒಂದು ಸಣ್ಣ ಪ್ರಶ್ನೆ. ಅವ್ವನಿಗೆ ಮುಂದಿನ ತಿಂಗಳು ಇನ್ನೊಂದು ಕಡೆ ಸ್ತನದ ಮ್ಯಾಮೊಗ್ರಾಮ್ (ಎಕ್ಸ್-ರೇ) ಇದೆ. ಅವತ್ತು ಪೌಡರ್ ಹಾಕಬಹುದಾ?

ಲಿನ್ಯಾಕ್ ಸುಧಾಕರ:

ಅವತ್ತು ಮಾತ್ರ ಪೌಡರ್, ಡಿಯೋಡರೆಂಟ್, ಕ್ರೀಮು ಏನೂ ಬೇಡ, ಪಟಿಕವೂ ಬೇಡ. ಅದರ ಕಣಗಳು ಚಿತ್ರದಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತವೆ. ಕ್ಯಾನ್ಸರ್‌ನ ಆರಂಭದಲ್ಲಿ ಕಾಣುವ ಸುಣ್ಣದ ಚುಕ್ಕೆಯೂ ಹಾಗೇ ಇರುತ್ತದೆ. ಸುಮ್ನೆ ಎರಡನೇ ಸಲ ಫಿಲ್ಮ್ ತೆಗೆಯಬೇಕಾಗುತ್ತದೆ. ಬೆಳಗಿನ ಸಮಯ ಕೇಳಿ ತೆಗೆದುಕೊಳ್ಳಿ, ಸ್ನಾನ ಮಾಡಿಸಿ ನೇರ ಕರೆದುಕೊಂಡು ಹೋಗಿ. ಮುಗಿದ ಮೇಲೆ ಹಾಕಿಕೊಳ್ಳಲು ಪೌಡರ್ ಡಬ್ಬಿ ಚೀಲದಲ್ಲಿ ಇರಲಿ.